ಹುಳದ ವಿಡಿಯೋ ಎಲ್ಲರೂ ನೋಡಿದ್ರು, ಮೀನನ್ನು ಯಾರು ನೋಡಿದ್ರು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಟ್ರಾಲಿಂಗ್ ರಜೆ ಶುರುವಾದ್ರೆ, ಅಂದ್ರೆ ಜೂನ್ 1ರಿಂದ ಜುಲೈ 31ರವರೆಗೆ, ಬೋಟೆಲ್ಲ ಮಲ್ಪೆಯಲ್ಲಿ ಕಟ್ಟಿರ್ತದೆ, ಬಂಗುಡೆ ಬೂತಾಯಿ ರೇಟು ಕೇಳಿದ್ರೆ ತಲೆ ತಿರುಗ್ತದೆ, ಹಾಗಾಗಿ ವರ್ಷವಿಡೀ ಸಿಹಿನೀರಿನ ಮೀನಿಗೆ ಮೂಗು ಮುರಿಯುವ ನಮ್ಮ ಉಡುಪಿ ಮಂಗಳೂರಿನವ್ರು ಸಹ ಆಗ ರೋಹು ಉಂಟಾ ಕಾಟ್ಲಾ ಉಂಟಾ ಅಂತ ಕೇಳ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಈ ಸಲ ಒಂದು ವಿಡಿಯೋ. ಯಾರೋ ಮೀನಿನ ಹೊಟ್ಟೆ ಕೊಯ್ದದ್ದು, ಒಳಗಿಂದ ಬಿಳಿ ರಿಬ್ಬನ್ ತರದ ಉದ್ದದ ಹುಳ ಎಳೆದು ತೆಗೆಯುದು, ಹಿಂದಿಂದ ಒಬ್ಬರು "ಅಯ್ಯೋ ದೇವ್ರೇ, ಇದನ್ನಾ ನಾವು ತಿನ್ನುದು" ಅಂತ ಹೇಳುದು. ಎಲ್ಲಿಯ ಮೀನು, ಯಾವ ಕೆರೆ, ಯಾವಾಗ ತೆಗೆದದ್ದು ಒಂದೂ ಇಲ್ಲ. ಫ್ಯಾಮಿಲಿ ಗ್ರೂಪು, ಭಜನಾ ಮಂಡಳಿ ಗ್ರೂಪು, ಯಕ್ಷಗಾನದ ಗ್ರೂಪು ಎಲ್ಲ ಕಡೆ ಬಂತು, ನಿಮ್ಮ ಪತ್ರಿಕೆಯಲ್ಲೂ "ಮೀನುಪ್ರಿಯರಲ್ಲಿ ಆತಂಕ" ಅಂತ ಸುದ್ದಿ ಬಂತು, ನಮ್ಮ ಪೇಟೆಯಲ್ಲಿ ಬುಟ್ಟಿ ಇಟ್ಟು ಮಾರುವ ಅಕ್ಕನ ಹತ್ರ ಕಾಟ್ಲಾ ಸಂಜೆವರೆಗೆ ಹಾಗೇ ಉಳಿಯಿತು.

ನಾನು ಪಿಯು ಕಾಲೇಜಿನ ಬಯಾಲಜಿ ಲ್ಯಾಬಲ್ಲಿ ಕೆಲಸ ಮಾಡಿ ರಿಟೈರ್ ಆದವ. ಈಗ ತೋಟದ ಕೆರೆಯಲ್ಲಿ ಸ್ವಲ್ಪ ಮೀನು ಸಾಕ್ತೇನೆ, ಹಳೆ ಮೈಕ್ರೋಸ್ಕೋಪ್ ಒಂದು ಮನೆಯಲ್ಲಿ ಉಂಟು, ಅಷ್ಟೇ ನನ್ನ ಯೋಗ್ಯತೆ. ಆದ್ರೂ ಈ ವಿಷಯದಲ್ಲಿ ಸುಮ್ಮನೆ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ.

ಮೊದ್ಲು ಎಲ್ಲರೂ ಕೇಳುವ ಪ್ರಶ್ನೆ ಮುಗಿಸಿ ಬಿಡ್ತೇನೆ, ತಿನ್ಬಹುದಾ ಅಂತ. ಸರಿಯಾಗಿ ಬೇಯಿಸಿದ್ರೆ ತಿನ್ಬಹುದು. ಮೀನಿನ ಮಾಂಸದ ಒಳಗಿನ ಬಿಸಿ 63 ಡಿಗ್ರಿ ದಾಟಿದ್ರೆ ಯಾವ ಹುಳವೂ ಬದುಕುದಿಲ್ಲ, ನಮ್ಮ ಗಸಿ ಪುಳಿಮುಂಚಿ ಎಲ್ಲ ಕೊತಕೊತ ಕುದಿದೇ ಇಳಿಯುದು. ತೊಂದರೆ ಇರುದು ಹಸಿ ಮೀನು, ಅರೆಬೆಂದ ಮೀನು ತಿನ್ನುವ ಕಡೆ. ಥಾಯ್ಲೆಂಡ್, ಲಾವೋಸಲ್ಲಿ ಹೊಳೆ ಮೀನು ಹಸಿಯಾಗಿ ತಿನ್ನುವ ಕ್ರಮ ಉಂಟು, ಅದ್ರಿಂದ ಒಪಿಸ್ತಾರ್ಕಿಸ್ ಅನ್ನುವ ಚಪ್ಪಟೆಹುಳ ಮನುಷ್ಯರ ಪಿತ್ತನಾಳಕ್ಕೆ ಹೋಗಿ ಕೂತ್ಕೊಳ್ತದೆ, ವರ್ಷಗಟ್ಲೆ ಇದ್ದು ಕ್ಯಾನ್ಸರ್ ಸಹ ಬರಿಸ್ತದೆ. ಈಗ ನಮ್ಮಲ್ಲೂ ಮಾಲುಗಳಲ್ಲಿ ಹಸಿ ಮೀನಿನ ಜಪಾನಿ ತಿಂಡಿ ಸಿಗ್ತದೆ, ಅದನ್ನು ನೋಡಿ ಕೆರೆ ಮೀನಲ್ಲಿ ಮನೆಯಲ್ಲೇ ಟ್ರೈ ಮಾಡುವ ಮಕ್ಕಳಿಗೆ ಒಂದು ಮಾತು, ಹಸಿ ಮೀನಿನ ಹುಳ ಸಾಯ್ಬೇಕಾದ್ರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡ್ಬೇಕು, ಮನೆಯ ಫ್ರಿಜ್ಜನ್ನು ನಂಬಿ ಅದನ್ನು ಮಾಡ್ಲಿಕ್ಕೆ ಹೋಗ್ಬೇಡಿ, ಕರೆಂಟು ಬೇರೆ ಮಳೆಗಾಲದಲ್ಲಿ ಯಾವಾಗ ಹೋಗ್ತದೆ ಅಂತ ಗೊತ್ತಿಲ್ಲ.

ಸರಿ, ನಮ್ಮ ಹೊಟ್ಟೆಯ ಕಥೆ ಮುಗೀತು. ಆದ್ರೆ ಇಷ್ಟೆಲ್ಲ ಗಲಾಟೆಯಲ್ಲಿ ಆ ಮೀನಿಗೆ ಎಂತ ಆಗಿತ್ತು ಅಂತ ಒಬ್ಬರಾದ್ರೂ ಕೇಳಿದ್ರಾ ಮಾರ್ರೆ?

ವಿಡಿಯೋದಲ್ಲಿ ಕಂಡದ್ದು ಲಿಗುಲಾ ಅನ್ನುವ ಲಾಡಿಹುಳದ ಹಾಗೆ ಕಾಣ್ತದೆ. ಇದರ ಬದುಕು ಮೂರು ಮನೆಯದ್ದು. ನೀರಿನ ಹಕ್ಕಿಯ ಹಿಕ್ಕೆಯಲ್ಲಿ ಮೊಟ್ಟೆ ನೀರಿಗೆ ಬೀಳ್ತದೆ, ಮೊಟ್ಟೆ ಒಡೆದು ಬಂದ ಮರಿಯನ್ನು ಕೋಪೆಪಾಡ್ ಅಂತ ಕಣ್ಣಿಗೆ ಸರಿಯಾಗಿ ಕಾಣದ ನೀರಿನ ಜೀವಿ ತಿನ್ತದೆ, ಆ ಕೋಪೆಪಾಡನ್ನು ಮೀನು ತಿನ್ತದೆ, ಮೀನಿನ ಹೊಟ್ಟೆಯ ಖಾಲಿ ಜಾಗದಲ್ಲಿ ಹುಳ ಬೆಳೆದು ಬೆಳೆದು ಕರುಳು ಪಿತ್ತಕೋಶ ಎಲ್ಲವನ್ನೂ ಒತ್ತಿ ಹಿಡಿತದೆ. ಕೆಲವು ಸಲ ಮೀನಿನ ತೂಕದಲ್ಲಿ ದೊಡ್ಡ ಪಾಲು ಹುಳದ್ದೇ ಇರ್ತದೆ. ಹೊಟ್ಟೆ ಉಬ್ಬಿದ್ದು ನೋಡಿ ಮೊಟ್ಟೆ ಮೀನು ಅಂತ ಖುಷಿಯಲ್ಲಿ ತಂದವರಿಗೆ ಒಳಗೆ ಸಿಗುದು ಇದು. ಮೊಟ್ಟೆ ಇರುದೇ ಇಲ್ಲ, ಯಾಕೆ ಅಂದ್ರೆ ಹುಳ ಮೀನಿನ ಹಾರ್ಮೋನನ್ನೇ ಕೆಡಿಸಿ ಅಂಡಾಶಯ ಬೆಳೆಯದ ಹಾಗೆ ಮಾಡ್ತದೆ. ಮೀನು ಬದುಕಿರ್ತದೆ, ತಿನ್ತದೆ, ಈಜ್ತದೆ, ಆದ್ರೆ ಸಂತಾನ ಇಲ್ಲ. ಮೇಲಿಂದ ಈಜುದು ಸಹ ನಿಧಾನ ಆಗಿ ನೀರಿನ ಮೇಲ್ಮೈಗೇ ಬಂದು ತೇಲಾಡ್ತದೆ, ಆಗ ನೀರುಕಾಗೆಯೋ ಕೊಕ್ಕರೆಯೋ ಬಂದು ಸುಲಭದಲ್ಲಿ ಹಿಡಿತದೆ, ಹುಳಕ್ಕೆ ಬೇಕಾದ್ದು ಅದೇ. ಹಕ್ಕಿಯ ಕರುಳಲ್ಲಿ ಕೆಲವೇ ದಿನ ಇದ್ದು ಮೊಟ್ಟೆ ಇಟ್ಟು ಅದರ ಆಟ ಮುಗಿತದೆ. ಅದರ ಗುರಿ ಇರುದು ಹಕ್ಕಿಯ ಮೇಲೆ, ನಿಮ್ಮ ನನ್ನ ಮೇಲೆ ಅಲ್ಲ.

ಆದ್ರೆ ನಿಜ ಹೇಳ್ಬೇಕಾದ್ರೆ ಮೀನು ಸಾಕುವವರಿಗೆ ಲಿಗುಲಾಕ್ಕಿಂತ ದೊಡ್ಡ ತಲೆಬೇನೆ ಕಣ್ಣಿಗೆ ಕಾಣದ ಹುಳದ್ದು. ಅದರ ವಿಡಿಯೋ ಯಾರೂ ಮಾಡುದಿಲ್ಲ, ಮಾಡಿದ್ರೂ ಯಾರೂ ಫಾರ್ವರ್ಡ್ ಮಾಡುದಿಲ್ಲ. ಬೆಳಿಗ್ಗೆ ಕೆರೆಗೆ ಹೋದಾಗ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ಎಳೀತಾ ಇದ್ರೆ ಎಲ್ಲರೂ ಹೇಳುದು ಆಕ್ಸಿಜನ್ ಕಡಿಮೆ ಅಂತ, ಮೋಟರ್ ಹಾಕಿ ನೀರು ಚಿಮ್ಮಿಸ್ತಾರೆ, ಸ್ವಲ್ಪ ಹೊತ್ತು ಸರಿ ಆಗ್ತದೆ, ಮರುದಿನ ಪುನಃ ಅದೇ. ಒಂದು ಮೀನು ಹಿಡಿದು ಕಿವಿರಿನ ಮುಚ್ಚಳ ಎತ್ತಿ ನೋಡಿ. ಒಳ್ಳೆ ಮೀನಿನ ಕಿವಿರು ರಕ್ತ ತುಂಬಿ ಕೆಂಪಗೆ ಇರ್ತದೆ, ಎಳೆ ಎಳೆ ಬಿಡಿಸಿಟ್ಟ ಹಾಗೆ. ಹುಳ ಹಿಡಿದ ಮೀನಿನದ್ದು ಅಲ್ಲಲ್ಲಿ ಬಿಳಿಚಿಕೊಂಡು, ತುದಿ ಊದಿ, ಮೇಲೆಲ್ಲ ಲೋಳೆ ಕಟ್ಟಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರ್ತದೆ. ಅದರ ಒಂದು ಚೂರು ಕತ್ತರಿಸಿ ಸ್ಲೈಡಲ್ಲಿ ಕೆರೆಯದ್ದೇ ಒಂದು ಹನಿ ನೀರು ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ, ಉದ್ದ ಮಾಡಿ ಗಿಡ್ಡ ಮಾಡಿ ಬಗ್ಗಿ ಬಗ್ಗಿ ನಡೆಯುವ ಹುಳ ಕಾಣ್ತದೆ, ತಲೆ ಬದಿಯಲ್ಲಿ ನಾಲ್ಕು ಕಪ್ಪು ಚುಕ್ಕಿ, ಅದು ಕಣ್ಣು, ಹಿಂದಿನ ಬದಿಯಲ್ಲಿ ಕೊಕ್ಕೆ, ಆ ಕೊಕ್ಕೆಯನ್ನು ಕಿವಿರಿಗೆ ಚುಚ್ಚಿಯೇ ಅದು ನಿಂತ್ಕೊಳ್ಳುದು. ಡ್ಯಾಕ್ಟಿಲೋಗೈರಸ್ ಅಂತ ಹೆಸರು. ಹೆಚ್ಚಿನ ಜಾತಿಗಳು ಎರಡು ಮಿಲಿಮೀಟರ್ ಸಹ ಇರುದಿಲ್ಲ. ಒಂದೆರಡು ಇದ್ರೆ ಮೀನಿಗೆ ಲೆಕ್ಕವೇ ಇಲ್ಲ, ಒಂದೊಂದು ಕಿವಿರಲ್ಲಿ ನೂರಾರು ಆದ್ರೆ ನೀರಲ್ಲಿ ಎಷ್ಟೇ ಆಕ್ಸಿಜನ್ ಇದ್ರೂ ಎಳೆಯುವ ಜಾಗ ಕೆಟ್ಟು ಹೋಗಿರ್ತದೆ, ಹಾಗಾಗಿ ನಿಮ್ಮ ಮೋಟರ್ ಎಂತ ಮಾಡುದು.

ಇದರದ್ದೇ ಅಣ್ಣತಮ್ಮ ಗೈರೋಡ್ಯಾಕ್ಟಿಲಸ್, ಅದು ಹೆಚ್ಚಾಗಿ ಚರ್ಮ ರೆಕ್ಕೆಗೆ ಹಿಡಿಯುದು. ಅದು ಮೊಟ್ಟೆಯೇ ಇಡುದಿಲ್ಲ, ಮರಿ ಹಾಕ್ತದೆ, ಆ ಮರಿಯ ಹೊಟ್ಟೆಯಲ್ಲಿ ಹುಟ್ಟುವ ಮೊದ್ಲೇ ಮುಂದಿನ ಮರಿ ಬೆಳೀತಾ ಇರ್ತದೆ! ಹಾಗಾಗಿ ಒಂದು ಹುಳ ಬಂದ್ರೆ ಸಾಕು. ಮೀನು ತುರಿಕೆ ತಡೀಲಿಕ್ಕಾಗದೆ ಕಲ್ಲಿಗೆ, ಕೆರೆಯ ಕಟ್ಟೆಗೆ ಮೈ ಉಜ್ಜುತ್ತದೆ, ಗಾಯ ಆಗ್ತದೆ, ಗಾಯದಲ್ಲಿ ಬ್ಯಾಕ್ಟೀರಿಯಾ ಬೂಸ್ಟು ಎಲ್ಲ ಸೇರ್ತದೆ, ಕೊನೆಗೆ ಸತ್ತದ್ದು ಯಾವುದ್ರಿಂದ ಅಂತ ಕೇಳಿದ್ರೆ ಹುಣ್ಣು ರೋಗ ಅಂತ ಬರೀತಾರೆ.

ನಾರ್ವೆ ದೇಶದ ಕಥೆ ಹೇಳ್ಬೇಕು. ಅಲ್ಲಿಗೆ ಗೈರೋಡ್ಯಾಕ್ಟಿಲಸ್ ಸಲಾರಿಸ್ ಅನ್ನುವ ಜಾತಿ ಬಂದದ್ದು 1970ರ ದಶಕದಲ್ಲಿ, ಬಾಲ್ಟಿಕ್ ಸಮುದ್ರದ ಕಡೆಯಿಂದ ತಂದ ಮರಿಗಳ ಮೈಮೇಲೆ. ಬಾಲ್ಟಿಕ್ ಕಡೆಯ ಸಾಲ್ಮನ್ ಮೀನಿಗೆ ಆ ಹುಳದ ಜೊತೆ ಬದುಕಿ ಅಭ್ಯಾಸ ಇತ್ತು, ನಾರ್ವೆಯ ಹೊಳೆಗಳ ಸಾಲ್ಮನಿಗೆ ಇರ್ಲಿಲ್ಲ, ಹೊಳೆಗಟ್ಲೆ ಮರಿಗಳು ಸತ್ತವು. ಕೊನೆಗೆ ಹುಳ ತೊಲಗಿಸ್ಲಿಕ್ಕೆ ಅಂತ ರೊಟೆನೋನ್ ವಿಷ ಹಾಕಿ ಇಡೀ ಹೊಳೆಯ ಮೀನನ್ನೇ ಕೊಂದು ಮತ್ತೆ ಮೊದ್ಲಿಂದ ಮರಿ ಬಿಟ್ರು. ಅರ್ಧ ಮಿಲಿಮೀಟರಿನ ಹುಳಕ್ಕೆ ಒಂದು ಶ್ರೀಮಂತ ದೇಶ ಕೊಟ್ಟ ಬೆಲೆ ಅದು. ಚೀನಾದ ಗ್ರಾಸ್ ಕಾರ್ಪನ್ನು ಬೇರೆ ದೇಶದವರು ಕೆರೆಯ ಕಳೆ ತಿನ್ಲಿಕ್ಕೆ ಅಂತ ತಗೊಂಡು ಹೋದಾಗ ಅದರ ಕರುಳಿನ ಲಾಡಿಹುಳವೂ ಟಿಕೆಟ್ ಇಲ್ಲದೆ ಜೊತೆಗೇ ಹೋಗಿ ಲೋಕ ಸುತ್ತಿತು. ಯುರೋಪಿನ ಹಾವುಮೀನಿಗೆ 1980ರ ದಶಕದಲ್ಲಿ ಏಷ್ಯಾದಿಂದ ಹೋದ ಒಂದು ದುಂಡುಹುಳ ಗಾಳಿಚೀಲವನ್ನೇ ಹಾಳು ಮಾಡಿತು. ಎಲ್ಲದ್ರಲ್ಲೂ ಹುಳ ತಾನಾಗಿ ನಡೆದು ಹೋದದ್ದಲ್ಲ, ಮನುಷ್ಯರೇ ಲಾರಿಯಲ್ಲಿ ಹಡಗಲ್ಲಿ ಕೂರಿಸಿ ಕಳಿಸಿದ್ದು.

ನಮ್ಮಲ್ಲಿ ಎಂತ ಆಗ್ತದೆ ನೋಡಿ. ಮಳೆಗಾಲದಲ್ಲಿ ಘಟ್ಟದ ಮೇಲಿಂದ, ಆಂಧ್ರದಿಂದ ಆಕ್ಸಿಜನ್ ತುಂಬಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಮೀನುಮರಿ ಬರ್ತದೆ. ಚೀಲ ಬಿಚ್ಚಿ ನೀರಿನ ಸಮೇತ ಕೆರೆಗೆ ಸುರಿಯುದು. ಮರಿ ಎಣಿಸ್ತಾರೆ, ಕಡಿಮೆ ಆದ್ರೆ ಜಗಳ ಆಗ್ತದೆ, ಫೋಟೋ ತೆಗೀತಾರೆ, ಪಂಚಾಯತ್ ಮೆಂಬರು ಬಂದು ಕೈ ಹಾಕಿ ಬಿಡುವ ಫೋಟೋ ಪೇಪರಲ್ಲೂ ಬರ್ತದೆ. ಕಿವಿರು ನೋಡಿದವರನ್ನು ನಾನು ನೋಡ್ಲಿಲ್ಲ. ನಮ್ಮ ಪಕ್ಕದ ಊರಿನವರೊಬ್ಬರು ಮುರಕಲ್ಲಿನ ಹಳೆ ಕೋರೆಯಲ್ಲಿ ಮರಿ ಬಿಟ್ಟಿದ್ರು, ಮಾರಿದವರು ಕೊಟ್ಟ ಮರಿಗಳಲ್ಲಿ ತಲೆ ದೊಡ್ಡದು ಮೈ ಸಪೂರ ಇರುವ ಮರಿಗಳೇ ಜಾಸ್ತಿ, ಸ್ಲೈಡ್ ನೋಡಿದ್ರೆ ಕಿವಿರಿನ ತುಂಬ ಹುಳ, ಮಾರಿದವರಿಗೆ ಫೋನ್ ಮಾಡಿದ್ರೆ "ನಿಮ್ಮ ನೀರೇ ಸರಿ ಇಲ್ಲ" ಅಂದ್ರಂತೆ. ಅಷ್ಟಕ್ಕೆ ಮುಗೀತು. ಕೋರೆಯನ್ನು ಒಣಗಿಸ್ಲಿಕ್ಕೂ ಆಗುದಿಲ್ಲ, ಹುಳ ಅಲ್ಲೇ ಉಳಿಯಿತು.

ಇನ್ನೊಂದು ಬಗೆ ಬಸವನಹುಳದ ದಾರಿಯಲ್ಲಿ ಬರುವುದು. ಗದ್ದೆಯಲ್ಲಿ ತೋಡಲ್ಲಿ ನರ್ತೆ ಅಂತ ನಾವು ಹೇಳುದು, ಆ ಕುಟುಂಬದ ಬೇರೆ ಬೇರೆ ಜಾತಿ ಬೇರೆ ಬೇರೆ ಚಪ್ಪಟೆಹುಳಗಳಿಗೆ ಮೊದಲ ಮನೆ. ಒಂದು ಬಸವನಹುಳದೊಳಗೆ ಹೋದ ಮರಿ ಅಲ್ಲೇ ತನ್ನಷ್ಟಕ್ಕೆ ಸಾವಿರಾರು ಆಗಿ, ಬಾಲ ಇರುವ ರೂಪದಲ್ಲಿ ನೀರಿಗೆ ಇಳಿದು ಮೀನು ಹುಡುಕಿಕೊಂಡು ಹೋಗ್ತದೆ. ಕೆಲವು ಚರ್ಮದಡಿಗೆ ಹೋಗಿ ಗಂಟು ಕಟ್ಟಿ ಕೂತ್ಕೊಳ್ತದೆ, ಮೀನಿನ ಮೈ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಕಾಣುದು ಅದೇ. ಡಿಪ್ಲೊಸ್ಟೋಮಮ್ ಅಂತ ಒಂದು ಉಂಟು, ಅದು ಸೀದಾ ಕಣ್ಣಿಗೆ ಹೋಗ್ತದೆ, ಕಣ್ಣಿನ ಲೆನ್ಸ್ ಬೆಳ್ಳಗಾಗಿ ಪೊರೆ ಬಂದ ಹಾಗೆ ಆಗ್ತದೆ, ಮೀನಿಗೆ ತಿನ್ನುವ ಆಹಾರವೂ ಕಾಣುದಿಲ್ಲ ಮೇಲಿಂದ ಬರುವ ಕೊಕ್ಕೂ ಕಾಣುದಿಲ್ಲ. ಇದನ್ನು ಕೇಳಿದ ಕೂಡ್ಲೆ ಕೊಕ್ಕರೆಗೆ ಏರ್‌ಗನ್ ಹಿಡಿಯುವವರು ಉಂಟು, ದಯವಿಟ್ಟು ಬೇಡ, ಕಾನೂನು ಪ್ರಕಾರ ತಪ್ಪು, ಮತ್ತೆ ಒಂದು ಕೊಕ್ಕರೆ ಹೋದ್ರೆ ಇನ್ನೊಂದು ಬರ್ತದೆ. ಸರಪಳಿ ತುಂಡು ಮಾಡ್ಲಿಕ್ಕೆ ಸುಲಭ ಇರುದು ಬಸವನಹುಳದ ಹತ್ರ. ಕೆರೆಯ ಅಂಚಿನ ಕಳೆ ತೆಗೀರಿ, ಅದಕ್ಕೇ ಅವು ಅಂಟಿಕೊಂಡು ಮೊಟ್ಟೆ ಇಡುದು. ಬತ್ತುವ ಕೆರೆ ಆದ್ರೆ ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ತಳ ಬಿರುಕು ಬಿಡುವವರೆಗೆ ಒಣಗಿಸಿ ಸುಣ್ಣ ಹಾಕಿ, ನಮ್ಮ ಕೆಂಪುಮಣ್ಣು ಹೇಗೂ ಹುಳಿ ಗುಣದ್ದು, ಸುಣ್ಣ ಅದಕ್ಕೂ ಬೇಕು. ಎಷ್ಟು ಅಂತ ಮಣ್ಣಿನ ಪಿಎಚ್ ನೋಡಿ ಹೇಳ್ಬೇಕು, ಅಂದಾಜಿಗೆ ಎರಚುದಲ್ಲ. ಬೇಸಿಗೆಯಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಲ್ಲಿಸಿದ ಮೇಲೆ ಹೊಳೆಯ ಬದಿಯಲ್ಲೂ ಇದೇ ಕಥೆ, ನಿಂತ ಬೆಚ್ಚಗಿನ ನೀರು ಅಂದ್ರೆ ಬಸವನಹುಳಕ್ಕೂ ಕೋಪೆಪಾಡಿಗೂ ಹಬ್ಬ.

ಈಗಿನ ಫ್ಯಾಷನ್ ಬಯೋಫ್ಲಾಕ್, ಅಂದ್ರೆ ಟ್ಯಾಂಕಿನ ನೀರಲ್ಲೇ ಒಳ್ಳೆ ಬ್ಯಾಕ್ಟೀರಿಯಾ ಬೆಳೆಸಿ ಮೀನಿನ ಕೊಳೆಯನ್ನು ಅದಕ್ಕೇ ತಿನ್ನಿಸಿ ಮೀನು ಸಾಕುದು. ತಾರ್ಪಾಲಿನ ಟ್ಯಾಂಕಲ್ಲಿ ಹಕ್ಕಿ ಬರುದಿಲ್ಲ ಬಸವನಹುಳ ಇಲ್ಲ ಹಾಗಾಗಿ ರೋಗ ಇಲ್ಲ ಅಂತ ಮಾರುವವರು ಹೇಳ್ತಾರೆ. ಅರ್ಧ ಸತ್ಯ ಮಾರ್ರೆ. ಮೂರು ಮನೆ ಬೇಕಾದ ಹುಳ ಅಲ್ಲಿ ಬದುಕುದು ಕಷ್ಟ, ಸರಿ. ಆದ್ರೆ ಮೇಲೆ ಹೇಳಿದ ಕಿವಿರಿನ ಹುಳಕ್ಕೆ ಮೀನಿಂದ ಮೀನಿಗೆ ನೇರ ದಾರಿ, ನಡುವೆ ಯಾರೂ ಬೇಡ, ಮೀನು ಹತ್ತಿರ ಹತ್ತಿರ ಇದ್ದಷ್ಟು ಅದಕ್ಕೆ ಒಳ್ಳೇದು. ಸಾಮಾನ್ಯ ಕೆರೆಯಲ್ಲಿ ಹೆಕ್ಟೇರಿಗೆ 5,000ದಿಂದ 10,000 ಮರಿ ಬಿಡಿ ಅಂತ ಹೇಳುದು, ಟ್ಯಾಂಕಲ್ಲಿ ಸಣ್ಣ ಜಾಗದಲ್ಲಿ ಅದಕ್ಕಿಂತ ಎಷ್ಟೋ ಪಾಲು ಒತ್ತೊತ್ತಾಗಿ ತುಂಬಿಸ್ತಾರೆ. ಒಂದು ಚೀಲ ಕೆಟ್ಟ ಮರಿ ಬಂದ್ರೆ ಕಥೆ ಮುಗೀತು.

ಮತ್ತೆ ಕಂಡದ್ದೆಲ್ಲ ಹುಳ ಅಲ್ಲ. ಮೀನಿನ ಮೈಯಿಂದ ದಾರದ ಹಾಗೆ ನೇತಾಡುವ ಲರ್ನಿಯಾ, ಚಪ್ಪಟೆಯಾಗಿ ಅಂಟಿಕೊಳ್ಳುವ ಮೀನುಹೇನು ಎರಡೂ ಸಿಗಡಿ ಏಡಿಯ ಬಳಗದ್ದು. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟು ಕೆರೆಗಟ್ಲೆ ಮೀನು ಸಾಯಿಸಿದ ಕೆಂಪು ಹುಣ್ಣಿನ ರೋಗ ಬೂಸ್ಟಿನ ಹಾಗಿನ ಜೀವಿಯಿಂದ. ಇದಕ್ಕೆಲ್ಲ ಬೇರೆ ಬೇರೆ ಮದ್ದು. ನಮ್ಮವರು ಎಂತ ಮಾಡ್ತಾರೆ, ತೋಟಕ್ಕೆ ಹೊಡೆಯುವ ಕೀಟನಾಶಕದ ಬಾಟ್ಲಿಯ ಮುಚ್ಚಳದಲ್ಲಿ ಅಳೆದು ಕೆರೆಗೆ ಹಾಕ್ತಾರೆ. ಒಂದು ಮಳೆ ಬಂದ್ರೆ ಅದು ತೋಡಿಗೆ, ತೋಡಿಂದ ಹೊಳೆಗೆ. ಶಿಶಿಲದ ಕಪಿಲಾ ಹೊಳೆಯಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ದೇವರ ಮೀನುಗಳು ರಾಶಿ ರಾಶಿ ಸತ್ತದ್ದು ಮರೆತು ಹೋಯ್ತಾ? ಅಲ್ಲಿ ಮೀನಿನ ಸ್ಮಾರಕವೇ ಉಂಟು. ಅದು ಬೇಕಂತ ಹಾಕಿದ್ದು, ಇದು ಗೊತ್ತಿಲ್ಲದೆ ಹಾಕುದು, ಮೀನಿಗೆ ಎರಡೂ ಒಂದೇ. ಕಿವಿರಿನ ಹುಳಕ್ಕೆ ಪ್ರಾಜಿಕ್ವಾಂಟೆಲ್ ಅಂತ ಮದ್ದು ಉಂಟು, ಪಶುವೈದ್ಯರೋ ಮೀನುಗಾರಿಕೆ ತಜ್ಞರೋ ಹೇಳಿದ ಡೋಸಲ್ಲಿ ಕೊಡ್ಬೇಕು. ಮರಿ ಬಿಡುವ ಮೊದ್ಲು ಬಕೆಟಲ್ಲಿ ಲೀಟರಿಗೆ 20ರಿಂದ 30 ಗ್ರಾಂ ಉಪ್ಪು ಹಾಕಿ ಕೆಲವು ನಿಮಿಷ ಅದ್ದಿ, ಮರಿ ವಾಲಿದ ಕೂಡ್ಲೆ ಒಳ್ಳೆ ನೀರಿಗೆ ಹಾಕಿದ್ರೆ ಮೈಮೇಲಿನ ಬಹಳಷ್ಟು ಹುಳ ಉದುರ್ತದೆ. ಉಪ್ಪಿಗೆ ಎಷ್ಟು ಖರ್ಚು ಉಂಟು ಸ್ವಾಮಿ?

ಮಂಗಳೂರಿನವ್ರಿಗೆ ಒಂದು ಪ್ರತ್ಯೇಕ ಮಾತು. ಮಲೇರಿಯಾಕ್ಕೆ ಅಂತ ಬಾವಿಗೆ ಟ್ಯಾಂಕಿಗೆ ಗಪ್ಪಿ ಮೀನು ಬಿಡುವ ರೂಢಿ ಅಲ್ಲಿ ಮೊದ್ಲಿಂದ ಉಂಟು, ಲಾರ್ವಾ ತಿನ್ತದೆ, ಒಳ್ಳೇದೇ. ಆದ್ರೆ ಮನೆಯ ಅಕ್ವೇರಿಯಮ್ ಬೇಡ ಆದಾಗ ಅದ್ರಲ್ಲಿದ್ದ ಗಪ್ಪಿ ಮೊಲ್ಲಿ ಎಲ್ಲ ತೋಡಿಗೆ ಸುರಿಯುದು ಬೇರೆ. ಗಪ್ಪಿಯ ಗುದದ್ವಾರದಿಂದ ಕೆಂಪು ನೂಲಿನ ತುದಿ ಹೊರಗೆ ಇಣುಕಿದ್ರೆ ಅದು ಕಮಲ್ಲಾನಸ್ ಅನ್ನುವ ದುಂಡುಹುಳ, ಕರುಳಿಗೆ ಕಚ್ಚಿ ರಕ್ತ ಹೀರುದು ಅದರ ಕೆಲಸ. ಹವಾಯಿ ದ್ವೀಪದಲ್ಲಿ ಹೀಗೆ ಹೊರಗಿಂದ ಬಂದ ಸಣ್ಣ ಮೀನುಗಳ ಜೊತೆ ಬಂದ ಈ ಹುಳ ಅಲ್ಲಿಯ ಹೊಳೆಗಳ ದೇಸಿ ಮೀನಿಗೂ ಹಿಡೀತು. ನಮ್ಮ ತೋಡು ಹೋಗಿ ಸೇರುದು ಫಲ್ಗುಣಿಗೆ, ನೇತ್ರಾವತಿಗೆ. ಬೇಡದ ಮೀನನ್ನು ಅಂಗಡಿಯವರಿಗೇ ವಾಪಸ್ ಕೊಡಿ.

ಇಷ್ಟು ಬರೆದದ್ದು ಓದಿ ಹುಳ ಇಲ್ಲದ ಮೀನೇ ಬೇಕು ಅಂತ ಹೊರಟ್ರೆ ಅದೂ ಸಿಗ್ಲಿಕ್ಕಿಲ್ಲ. ಹೊಳೆಯ ಆರೋಗ್ಯವಂತ ಮೀನಲ್ಲೂ ಹುಳ ಇರ್ತದೆ, ಹಕ್ಕಿ ಬಸವನಹುಳ ಮೀನು ಎಲ್ಲ ಇರುವ ಕಡೆ ಅವುಗಳ ಹುಳವೂ ಇರುದೇ. ಮುಳ್ಳುತಲೆಯ ಹುಳ ಅಂತ ಒಂದು ಬಗೆ ಮೀನಿನ ಕರುಳಲ್ಲಿ ಇದ್ದು ಸೀಸದಂಥ ಲೋಹವನ್ನು ಮೀನಿನ ಮಾಂಸಕ್ಕಿಂತ ಎಷ್ಟೋ ಪಾಲು ಹೆಚ್ಚು ತನ್ನ ಮೈಯಲ್ಲಿ ತುಂಬಿಸಿಕೊಳ್ತದೆ, ನೀರಿನ ಮಾಲಿನ್ಯ ಅಳೆಯಲಿಕ್ಕೆ ವಿಜ್ಞಾನಿಗಳು ಅದನ್ನೇ ಹುಡುಕ್ತಾರೆ. ಮತ್ತೆ ಹುಳ ಎಲ್ಲ ಮೀನಿಗೂ ಸಮ ಸಮ ಹಂಚಿಕೊಂಡು ಇರುದಿಲ್ಲ, ಹೆಚ್ಚಿನ ಮೀನಲ್ಲಿ ಒಂದೋ ಎರಡೋ ಅಥವಾ ಇಲ್ಲವೇ ಇಲ್ಲ, ಕೆಲವೇ ಕೆಲವು ಮೀನಲ್ಲಿ ರಾಶಿ. ವಿಡಿಯೋ ಆಗುದು ಆ ರಾಶಿಯ ಮೀನು. ಅದನ್ನು ನೋಡಿ ಇಡೀ ಕೆರೆಯ ಮೀನು ಹಾಳು ಅಂತ ಹೇಳಿದ್ರೆ ಮಾರುವ ಅಕ್ಕಂದಿರ ಹೊಟ್ಟೆಗೆ ಹೊಡೆದ ಹಾಗೆ.

ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಲ್ಲೇ. ಕಲಿತ ಮಕ್ಕಳು ಬೇಕಾದಷ್ಟು ಇದ್ದಾರೆ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಕೆರೆ ತೋಡಿಸ್ಲಿಕ್ಕೆ, ಟ್ಯಾಂಕ್ ಹಾಕ್ಲಿಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಬ್ಸಿಡಿ ಉಂಟು. ಹಾಗಿರುವಾಗ ತಾಲೂಕಿಗೊಂದು ಮೈಕ್ರೋಸ್ಕೋಪ್, ನೋಡ್ಲಿಕ್ಕೆ ಬರುವ ಒಬ್ಬ ಹುಡುಗ ಅಥವಾ ಹುಡುಗಿ, ಮರಿ ಹಂಚುವ ದಿನ ಪ್ರತಿ ಲೋಡಿನಿಂದ ಒಂದು ಹಿಡಿ ಮರಿ ತೆಗೆದು ಕಿವಿರು ನೋಡಿ ಚೀಟಿ ಬರೆದು ಕೊಡುದು, ಇಷ್ಟು ಮಾಡ್ಲಿಕ್ಕೆ ಎಂತ ಕಷ್ಟ? ಸಂಬಂಧಪಟ್ಟವರು ಇದನ್ನು ಓದ್ತಾರೆ ಅಂತ ನಂಬಿ ಬರೀತಾ ಇದ್ದೇನೆ. ನೀವೂ ನಿಮ್ಮ ಕೃಷಿ ಪುಟದಲ್ಲಿ ಒಂದು ಸಲ ಒಳ್ಳೆ ಕಿವಿರು, ಹುಳ ಹಿಡಿದ ಕಿವಿರು ಎರಡರದ್ದೂ ಕಲರ್ ಫೋಟೋ ಅಕ್ಕಪಕ್ಕ ಹಾಕಿ, ಆತಂಕದ ಸುದ್ದಿಗಿಂತ ಅದು ನೂರು ಜನಕ್ಕೆ ಉಪಕಾರ.

ಮತ್ತೆ ಯಾರಾದ್ರೂ ಮೀನು ತೋರಿಸ್ಲಿಕ್ಕೆ ತಗೊಂಡು ಹೋಗುದಾದ್ರೆ ಸತ್ತದ್ದನ್ನು ಐಸಲ್ಲಿಟ್ಟು ತಗೊಂಡು ಹೋಗ್ಬೇಡಿ, ಮೀನು ಸತ್ತ ಮೇಲೆ ಕಿವಿರಿನ ಹುಳ ಬಿಟ್ಟು ಹೋಗ್ತದೆ ಇಲ್ಲ ಸತ್ತು ಕರಗ್ತದೆ, ನೋಡಿದವರು "ಎಂತದೂ ಇಲ್ಲ" ಅಂತ ಹೇಳಿ ಕಳಿಸ್ತಾರೆ. ಸುಸ್ತಾದ ಆದ್ರೆ ಜೀವ ಇರುವ ಮೀನು ಎರಡು ಮೂರು, ಅದೇ ಕೆರೆಯ ನೀರಲ್ಲಿ, ಬೆಳಿಗ್ಗೆ ಬೇಗ ತಗೊಂಡು ಹೋಗಿ, ಜೊತೆಗೆ ಬೇರೆ ಬಾಟ್ಲಿಯಲ್ಲಿ ಸ್ವಲ್ಪ ನೀರು.

ಇತಿ,
ಒಬ್ಬ ಓದುಗ, ಹಿರಿಯಡ್ಕ, ಉಡುಪಿ ಜಿಲ್ಲೆ